ರಿಲೀವರ್ ಬರುವ ತನಕ

ಕಾಲ ಯಾರಿಗೂ ಕಾಯುವುದಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಕಾಲವನ್ನು ನಿಭಾಯಿಸುವುದು ಹೇಗೆಂದು ಕಲಿಸಬೇಕಿದ್ದ ತರಬೇತುದಾರರಿಗಾಗಿ ಆ ಆಸ್ಪತ್ರೆಯ ಮೂವತ್ತೊಂದು ಮಂದಿ ವಾರ್ಡ್ ಇನ್‌ಚಾರ್ಜ್‌ಗಳು ನಲವತ್ತು ನಿಮಿಷ ಕಾದು ಕೂತಿದ್ದರು. ಬಂದ ಮಹಾಶಯರು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ, "ಸಮಯ ಅಂದ್ರೆ ಜೀವನ. ಒಂದು ನಿಮಿಷ ಕಳ್ಕೊಂಡ್ರೆ ಒಂದು ನಿಮಿಷ ಸತ್ತ ಹಾಗೆ," ಎಂದು ಶುರು ಮಾಡಿದರು. ಆ ಲೆಕ್ಕದಲ್ಲಿ ಇಡೀ ಸಭೆ ನಲವತ್ತು ನಿಮಿಷ ಸತ್ತು ಆಗಷ್ಟೇ ಎದ್ದು ಕೂತಿತ್ತು. ನರ್ಸುಗಳು ಸಂಭಾವಿತರು, ಯಾರೂ ಬಾಯಿ ಬಿಡಲಿಲ್ಲ.

ಹಿಂದಿನ ಸಾಲಿನ ಸಿಸ್ಟರ್ ಒಬ್ಬರು ಮಾತ್ರ ಕೈ ಎತ್ತಿದರು. "ಸರ್, ಒಬ್ಬರು ವಾಂತಿ ಮಾಡ್ತಿದಾರೆ, ಇನ್ನೊಬ್ಬರ ಡ್ರಿಪ್ ಮುಗೀತು, ಮತ್ತೊಬ್ಬರು ಮಂಚ ಇಳಿದು ಬೀಳೋ ಹಾಗಿದಾರೆ, ಫೋನಲ್ಲಿ ಡಾಕ್ಟರು ಕಿರುಚ್ತಿದಾರೆ. ಮೊದಲು ಯಾವುದು ಮಾಡ್ಬೇಕು?"

ತರಬೇತುದಾರರು ಕಣ್ಣು ಮುಚ್ಚಿ ಯೋಚಿಸಿದರು. "ಮೊದಲು ಒಂದು ಪಟ್ಟಿ ಮಾಡ್ಬೇಕು," ಎಂದರು.

ಮೂರನೇ ಸಾಲಿನ ತುದಿಯಲ್ಲಿ ಕೂತು ಈ ಮಾತನ್ನೂ ಚಾಚೂ ತಪ್ಪದೆ ಬರೆದುಕೊಂಡವನೇ ನಮ್ಮ ಬ್ರದರ್. ಗಂಡಸರ ವಾರ್ಡಿನ ಇನ್‌ಚಾರ್ಜ್, ವಯಸ್ಸು ಐವತ್ತೊಂದು. ಇನ್‌ಚಾರ್ಜ್ ಎಂದರೆ ಪೂರ್ತಿ ಅಲ್ಲ; ಆರು ತಿಂಗಳಿಂದ ತಾತ್ಕಾಲಿಕ, ಖಾಯಂ ಆದೇಶ ಇವತ್ತು ನಾಳೆ ಎನ್ನುತ್ತಿತ್ತು. ಗಂಡು ನರ್ಸುಗಳನ್ನು ಬ್ರದರ್ ಎಂದು ಕರೆಯುವುದು ಆಸ್ಪತ್ರೆಯ ರೂಢಿ. ರೋಗಿಗೆ, ಡಾಕ್ಟರಿಗೆ, ನೆಲ ಒರೆಸುವವಳಿಗೆ, ಕ್ಯಾಂಟೀನಿನವನಿಗೆ, ಎಲ್ಲರಿಗೂ ಅವನು ಬ್ರದರ್. ದಿನಕ್ಕೆ ಇನ್ನೂರು ಸಲ ಒಡಹುಟ್ಟಿದವನೆನಿಸಿಕೊಂಡು ಸಂಜೆ ಐದಕ್ಕೆ ಮಹಡಿ ಮೇಲಿನ ಬೀಗ ತೆಗೆದರೆ, ಒಳಗಿನಿಂದ 'ಬಂದ್ಯಾ' ಎನ್ನುವವರು ಒಬ್ಬರೂ ಇರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಇಪ್ಪತ್ತಾರು ವರ್ಷ ಅವನನ್ನು ಯಾರು ಎಲ್ಲಿಗೆ ಕರೆದರೂ ಅವನ ಉತ್ತರ ಒಂದೇ: ಡ್ಯೂಟಿ ಇದೆ. ಮದುವೆಗೆ ಕರೆದರೆ ಡ್ಯೂಟಿ, ಮಗು ನೋಡಲು ಕರೆದರೆ ಡ್ಯೂಟಿ, ಅವನಿಗೇ ಹೆಣ್ಣು ಗೊತ್ತು ಮಾಡಿ ಕರೆದ ದಿನವೂ ಡ್ಯೂಟಿ. ಸುಳ್ಳಲ್ಲ, ಡ್ಯೂಟಿ ಇದ್ದೇ ಇತ್ತು. ಆದರೆ ಕರೆಯುವವರ ಬಾಯಿಗೂ ಒಂದು ದಣಿವಿರುತ್ತದಲ್ಲ. ಇನ್‌ಚಾರ್ಜ್ ಆದ ಮೇಲೆ ಅವನಿಗೆ ಬರೀ ಹಗಲು ಪಾಳಿ. ಸಂಜೆಗಳೆಲ್ಲ ಕೈಗೆ ಬಂದವು. ಅಷ್ಟರಲ್ಲಿ ಕರೆಯುವವರು ಮುಗಿದಿದ್ದರು.

ತರಬೇತಿಯ ಕೊನೆಯಲ್ಲಿ ಎಲ್ಲರಿಗೂ ಒಂದೊಂದು ದೊಡ್ಡ ಹಾಳೆ ಕೊಟ್ಟರು. ಇಪ್ಪತ್ನಾಲ್ಕು ಗಂಟೆಯನ್ನು ಕಾಲು ಕಾಲು ಗಂಟೆಗೆ ಕತ್ತರಿಸಿ ತೊಂಬತ್ತಾರು ಚೌಕ. ಆಸ್ಪತ್ರೆಯಲ್ಲೂ ಮನೆಯಲ್ಲೂ ಯಾವ ಕಾಲು ಗಂಟೆ ಎಲ್ಲಿ ಹೋಯಿತು ಎಂದು ಬರೆದು ಸೋಮವಾರ ಒಪ್ಪಿಸಬೇಕು. ಮರುದಿನ ವಾರ್ಡಿನ ಮೇಜಿನ ಮುಂದೆ ಕೂತ ಬ್ರದರ್ ಬೆಳಗಿನ ಚೌಕಗಳಲ್ಲಿ ಜಾಗ ಸಾಲದೆ ಒಂದೊಂದರಲ್ಲಿ ಮೂರು ಸಾಲು ಬರೆದ. ಹ್ಯಾಂಡೋವರ್, ಇಪ್ಪತ್ನಾಲ್ಕು ಬೆಡ್ಡಿನ ಔಷಧಿ, ರೌಂಡ್ಸ್, ಸ್ಟೋರಿನವನೊಡನೆ ಜಗಳ, ಮತ್ತೆ ಔಷಧಿ. ಸಂಜೆ ಐದಕ್ಕೆ 'ಮನೆ ತಲುಪಿ ಕೈಕಾಲು ತೊಳೆದದ್ದು' ಎಂದು ಬರೆದ. ಅಲ್ಲಿಂದ ರಾತ್ರಿ ಹತ್ತರವರೆಗೆ ಹತ್ತೊಂಬತ್ತು ಚೌಕ ಬಿಳುಚಿಕೊಂಡು ಅವನನ್ನೇ ನೋಡುತ್ತಿದ್ದವು.

ಚಾರ್ಟಿನಲ್ಲಿ ಖಾಲಿ ಬಿಡುವುದು ನರ್ಸಿನ ಪಾಲಿಗೆ ಮಹಾಪಾಪ. ಹಾಗಾಗಿ ಇದ್ದದ್ದನ್ನೇ ಬರೆದ: ಕೂತಿದ್ದೆ. ಮುಂದಿನ ಚೌಕದಲ್ಲೂ ಕೂತಿದ್ದೆ. ಅದರ ಮುಂದಿನದರಲ್ಲೂ ಅದೇ. ನಾಲ್ಕನೆಯದಕ್ಕೆ ಬರುವಾಗ ಹಿಂದಿನಿಂದ ಒಂದು ತಲೆ ಇಣುಕಿತು. ಅದು ವಾರ್ಡಿನ ರೇಡಿಯೋ ಸಿಸ್ಟರ್. ಅವಳ ಕಿವಿಗೆ ಬಿದ್ದ ಸುದ್ದಿ ಮೂರು ಮಹಡಿ ಏರಿ ಇಳಿಯಲು ಹತ್ತು ನಿಮಿಷ ಸಾಕು.

"ಇದೇನ್ ಬ್ರದರ್, ಕೂತಿದ್ದೆ, ಕೂತಿದ್ದೆ, ಕೂತಿದ್ದೆ? ಮೊಟ್ಟೆಗೆ ಕಾವು ಕೊಡ್ತಿದ್ರಾ?"

"ಇದು ರಫ್ ಕಾಪಿ," ಎಂದು ಬ್ರದರ್ ನಕ್ಕು ಹಾಳೆ ಮಡಚಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಆದರೆ ಒಳಗೆ ಎಲ್ಲೋ ಚುಚ್ಚಿತ್ತು. ಹೊಸ ಹಾಳೆ ತೆಗೆದುಕೊಂಡ, ಪೆನ್ನು ತಾನಾಗಿಯೇ ಓಡಿತು. ಐದೂಕಾಲಿಗೆ ಕೆಳಮನೆ ಅಜ್ಜಿಯ ಬಿ.ಪಿ. ನೋಡಿ ಯೋಗಕ್ಷೇಮ ವಿಚಾರಣೆ. ಐದೂವರೆಗೆ ಗೆಳೆಯ ದರ್ಜಿಯೊಡನೆ ಚದುರಂಗ. ಆರಕ್ಕೆ ಅಕ್ಕನೊಡನೆ ಫೋನಿನಲ್ಲಿ ಮಾತುಕತೆ. ಆರೂಮುಕ್ಕಾಲಿಗೆ ಬಂಧುಗಳ ಭೇಟಿ, ಏಳೂವರೆಗೆ ಎಲ್ಲರೊಡನೆ ಊಟ. ಎಂಟೂಕಾಲಿಗೆ ಎಲ್ಲರನ್ನೂ ಕಳಿಸಿ ಓದು, ಚಿಂತನೆ.

ನಿಜ ಸಂಗತಿ ಹೇಳಬೇಕೆಂದರೆ, ಕೆಳಮನೆ ಅಜ್ಜಿಯೊಡನೆ ನಾಲ್ಕು ವರ್ಷದಲ್ಲಿ ಅವನು ಆಡಿದ ಮಾತು 'ನೀರು ಬಂತಾ' ಮತ್ತು 'ಬಂತು'. ದರ್ಜಿಯ ಹತ್ತಿರ ಅವನದೊಂದು ಪ್ಯಾಂಟು ಎಂಟು ತಿಂಗಳಿಂದ ಕೂತಿತ್ತು, ಗೆಳೆತನ ಅಷ್ಟೇ. ಅಕ್ಕ ಬೇರೆ ಊರಿನಲ್ಲಿದ್ದಳು, ಹದಿನೈದು ದಿನಕ್ಕೊಮ್ಮೆ ಫೋನು, ಅದೂ ಎರಡು ನಿಮಿಷ. ಬಂಧುಗಳು ಎಂಬ ಶಬ್ದವನ್ನು ಮಾತ್ರ ಅವನು ಸುಂದರವಾದ ಅಕ್ಷರದಲ್ಲಿ ಬರೆದಿದ್ದ.

ಸೋಮವಾರ ಮಧ್ಯಾಹ್ನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಸಭೆ ಕರೆದರು. ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಎರಡು ಕನ್ನಡಕ ಇಟ್ಟುಕೊಂಡು, ಹಸಿರು ಶಾಯಿಯಲ್ಲಿ ಮಾತ್ರ ಬರೆಯುವ ಹೆಂಗಸು. "ಮೂವತ್ತು ಹಾಳೇಲಿ ಒಂದೇ ಗೋಳು. ಮನೇಲಿ ಮಕ್ಕಳ ಮುಖ ನೋಡೋಕೆ ಸಮಯ ಇಲ್ಲ, ಯಾರ ಹತ್ರನೂ ಮಾತಾಡೋಕೆ ಸಮಯ ಇಲ್ಲ," ಎಂದು ಹತ್ತಿರದ ಕನ್ನಡಕ ತೆಗೆದು ದೂರದ್ದು ಹಾಕಿ ಬ್ರದರ್‌ನನ್ನು ಹುಡುಕಿದರು. "ಒಬ್ಬರೇ ಒಬ್ಬರು ನೋಡಿ, ಇಪ್ಪತ್ನಾಲ್ಕು ಬೆಡ್ಡು ನೋಡ್ಕೊಂಡು, ಸಂಜೆ ಇಡೀ ಬೀದಿಯನ್ನೇ ಸಂಭಾಳಿಸ್ತಾರೆ."

ಮೂವತ್ತು ತಲೆಗಳು ತಿರುಗಿದವು. ಬ್ರದರ್ ಇಂಗು ತಿಂದ ಮಂಗನಂತೆ ನಗಲು ನೋಡಿದ.

"ಗುರುವಾರ ಸಂಜೆ ಐದಕ್ಕೆ ನಾನೂ ತರಬೇತಿಯವರೂ ನಿಮ್ಮ ಮನೆಗೆ ಬರ್ತೀವಿ. ನೀವು ದಿನಾ ಹೇಗಿರ್ತೀರೋ ಹಾಗೇ ಇರಿ. ನಾವು ಗೋಡೆ ಪಕ್ಕ ಕೂತು ನೋಡ್ತೀವಿ, ಅಷ್ಟೇ. ನಿಮ್ಮ ಖಾಯಂ ಆದೇಶಕ್ಕೂ ಅದನ್ನೇ ಜೋಡಿಸಿ ಕಳಿಸ್ತೀನಿ."

ಹಿಂದಿನ ವಾರವಷ್ಟೇ ಬ್ರದರ್ ರೇಡಿಯೋ ಸಿಸ್ಟರನ್ನು ವಾರ್ಡಿನ ನಡುವೆ ನಿಲ್ಲಿಸಿ ಬೈದಿದ್ದ. ಎಕ್ಸ್‌ರೇಗೆ ಹೋಗಿದ್ದ ರೋಗಿಯ ಖಾಲಿ ಮಂಚಕ್ಕೆ ಅವಳು ಜ್ವರ ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದಿದ್ದಳು. 'ನಡೆಯದೇ ಇರೋದನ್ನ ಬರೆಯೋಳು ನರ್ಸೇ ಅಲ್ಲ' ಎಂದಿದ್ದ. ಈಗ ಹೋಗಿ ಮೇಡಂ ಮುಂದೆ ಒಪ್ಪಿಕೊಂಡರೆ ಹುದ್ದೆ ಹೋಗುತ್ತದೆ. ಅದಕ್ಕಿಂತ, ತನಗೆ ಯಾರೂ ಇಲ್ಲ ಎಂಬುದು ಮೂವತ್ತು ಜನಕ್ಕೆ ಗೊತ್ತಾಗುತ್ತದೆ. ಹುದ್ದೆಯ ಮಾತು ಹಾಗಿರಲಿ, ಈ ಎರಡನೆಯದೇ ಅವನಿಗೆ ದೊಡ್ಡದಾಗಿ ಕಂಡಿತು. ಮನೆಗೆ ನಡೆಯುವ ದಾರಿಯಲ್ಲಿ ಅವನೊಂದು ಅಪೂರ್ವ ತೀರ್ಮಾನಕ್ಕೆ ಬಂದ. ನಡೆಯದ್ದನ್ನು ಬರೆಯುವುದು ತಪ್ಪು. ಬರೆದಾಗಿದೆ. ಆದ್ದರಿಂದ ಇನ್ನು ಉಳಿದಿರುವುದು ಅದನ್ನು ನಡೆಸುವುದೊಂದೇ.

ಕೆಳಮನೆ ಬಾಗಿಲು ತಟ್ಟಿದ. ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. "ಯಾರು ಹೋದ್ರು?"

"ಯಾರೂ ಹೋಗಿಲ್ಲ ಅಜ್ಜಿ. ನಾನು ಮಹಡಿ ಮೇಲಿನವನು."

"ಯಾರೂ ಸಾಯದೇ ನನ್ನ ಬಾಗಿಲು ಯಾಕೆ ತಟ್ಟಿದೆ?" ಎನ್ನುತ್ತಾ ಅಜ್ಜಿ ಬಾಗಿಲು ತೆಗೆದಳು. ಎಂಬತ್ತರ ಹತ್ತಿರದ ಸಣಕಲು ಜೀವ. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬ್ರದರ್ ತೊದಲುತ್ತಾ ಎಲ್ಲ ಹೇಳಿದ. ಅಜ್ಜಿ ನಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ನಾನು ಐದೂಕಾಲಿಂದ ಐದೂವರೆ. ಸರಿ. ನನ್ನ ರಿಲೀವರ್ ಯಾರು? ನನ್ನ ಜಾಗಕ್ಕೆ ಬಂದು ನನ್ನನ್ನ ಬಿಡಿಸೋರು?"

"ದರ್ಜಿ."

"ಅವನಾ? ಅವನನ್ನ ನಂಬಿದ್ರೆ ನಾನು ನಿನ್ನ ಮನೇಲೇ ಕೊನೆಯುಸಿರು ಎಳೀಬೇಕಾಗುತ್ತೆ. ನೋಡಪ್ಪ, ಇಪ್ಪತ್ತೆಂಟು ವರ್ಷ ದುಡಿದೋಳು ನಾನು. ಪಕ್ಕದೋಳು ಬಂದು ಕೂತು, ಕಿವಿಗೆ ಹಾಕ್ಕೊಂಡು 'ಹಲೋ' ಅನ್ನೋ ತನಕ ಕುರ್ಚಿ ಬಿಟ್ಟು ಎದ್ದೋಳಲ್ಲ. ಬಾಯಿಮಾತು ನನಗಾಗಲ್ಲ. ಬರೆದು ಕೊಡು."

ಅಲ್ಲಿಂದ ಎದುರಿನ ಹೊಲಿಗೆ ಅಂಗಡಿ. ದರ್ಜಿ ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತು ಕೊಟ್ಟ. "ಗುರುವಾರ ತಾನೇ? ಬಂದೇ ಬರ್ತೀನಿ. ಬರೋವಾಗ ನಿಮ್ಮ ಪ್ಯಾಂಟೂ ತರ್ತೀನಿ." ಈ ಎರಡನೇ ಮಾತು ಕೇಳಿದಾಗಲೇ ಬ್ರದರ್ ಎಚ್ಚೆತ್ತುಕೊಳ್ಳಬೇಕಿತ್ತು.

ಇನ್ನು ಅಕ್ಕ. ಅವಳಿಗೆ ಫೋನ್ ಮಾಡಿ, "ಅಕ್ಕಾ, ಗುರುವಾರ ಸರಿಯಾಗಿ ಆರಕ್ಕೆ ನೀನು ಫೋನ್ ಮಾಡ್ಬೇಕು. ಮುಕ್ಕಾಲು ಗಂಟೆ ಮಾತಾಡ್ಬೇಕು," ಎಂದ.

"ಲೋ, ಏನು ಕಾಯಿಲೆ ನಿನಗೆ? ನಿಜ ಹೇಳು."

"ಕಾಯಿಲೆ ಇಲ್ಲಕ್ಕ. ನಮ್ಮ ಮೇಡಂ ಮನೆ ನೋಡೋಕೆ ಬರ್ತಿದಾರೆ. ನನ್ನ ಕಡೆಯವರು ಅಂತ ಯಾರಾದ್ರೂ ಇರ್ಬೇಕು, ಅದಕ್ಕೆ."

"ಮೇಡಂ ಒಂಟಿಯಾಗಿದಾರಾ?"

"ಹಾಗೇ ಕಾಣುತ್ತೆ. ಯಾಕೆ?"

"ಮನೆ ನೋಡೋಕೆ ಬರ್ತಾರೆ. ನಿನ್ನ ಕಡೆಯವರು ಇರ್ಬೇಕು." ಅಕ್ಕ ಎರಡೂ ಮಾತನ್ನು ತೂಗಿ ನೋಡಿದಳು. "ಆಯ್ತು ಕಣೋ. ಇನ್ನೇನೂ ಹೇಳ್ಬೇಡ. ನನಗೆಲ್ಲ ಅರ್ಥವಾಯ್ತು."

ಅಂದು ರಾತ್ರಿ ಬ್ರದರ್ ಗುರುವಾರದ ಡ್ಯೂಟಿ ಪಟ್ಟಿ ತಯಾರಿಸಿದ. ಯಾರು, ಎಷ್ಟು ಗಂಟೆಗೆ, ಏನು ಕೆಲಸ, ರಿಲೀವರ್ ಯಾರು, ಎಲ್ಲಕ್ಕೂ ಗೆರೆ ಎಳೆದು ಬರೆದ. ಬಂಧುಗಳ ಮುಂದೆ ಮಾತ್ರ 'ಹೆಸರು ನಂತರ' ಎಂದು ಹಾಕಿದ. ಕೆಳಗೆ ಅಭ್ಯಾಸಬಲದಿಂದ ವಾರ್ಡಿನ ನಿಯಮವನ್ನೇ ಬರೆದು ಅಡ್ಡಗೆರೆ ಎಳೆದ: ರಿಲೀವರ್ ಬರುವ ತನಕ ಯಾರೂ ಡ್ಯೂಟಿ ಬಿಟ್ಟು ಹೋಗಕೂಡದು. ಹಾಗೇ ಮರುದಿನದ ವಾರ್ಡಿನ ಕೆಲಸ ಹಂಚಿಕೆಯ ಹಾಳೆಯನ್ನೂ ಬರೆದು ಮುಗಿಸಿದ. ಎರಡನ್ನೂ ಮಡಚಿ ಒಂದೇ ಜೇಬಿಗಿಟ್ಟ. ಸಮಯ ಉಳಿಸುವ ಉಪಾಯಗಳಲ್ಲಿ ಇದೂ ಒಂದೆಂದು ತರಬೇತಿಯಲ್ಲಿ ಹೇಳಿದ್ದರು.

ಮಂಗಳವಾರ ಬೆಳಿಗ್ಗೆ ಒಂದನ್ನು ಅಜ್ಜಿಯ ಬಾಗಿಲ ಸಂದಿಗೆ ತೂರಿಸಿದ. ಇನ್ನೊಂದನ್ನು ವಾರ್ಡಿನ ಬೋರ್ಡಿಗೆ ಚುಚ್ಚಿ ಔಷಧಿ ತರಲು ಸ್ಟೋರಿಗೆ ಹೋದ. ಒಂದೂವರೆ ಗಂಟೆ ಬಿಟ್ಟು ಬರುವಾಗ ರೇಡಿಯೋ ಸಿಸ್ಟರ್ ಸೊಂಟಕ್ಕೆ ಕೈ ಇಟ್ಟು ಬೋರ್ಡಿನ ಮುಂದೆ ನಿಂತಿದ್ದಳು.

"ಬ್ರದರ್, ಇದರಲ್ಲಿ ನಮ್ಯಾರ ಹೆಸರೂ ಇಲ್ಲ. ಐದೂವರೆಗೆ ದರ್ಜಿ ಅಂತಿದೆ. ಗಾಯದ ಹೊಲಿಗೆ ಬಿಚ್ಚೋಕೆ ಈಗ ದರ್ಜಿನೇ ಕರೆಸ್ತಿದೀರಾ?"

ಬ್ರದರ್ ಓಡಿಬಂದು ಹಾಳೆಯನ್ನು ಕಿತ್ತು ಜೇಬಿಗೆ ತುರುಕಿದ. ಅವಳು ಬಿಡಬೇಕಲ್ಲ. "ಅಲ್ಲಾ, ಬಂಧುಗಳು, ಹೆಸರು ನಂತರ ಅಂದ್ರೇನು? ಅವರಿನ್ನೂ ಹುಟ್ಟಬೇಕಾ?"

ಅವನು ಡ್ರಿಪ್ಪಿನ ಕೊಳವೆಯನ್ನು ಸುಮ್ಮನೆ ಸುತ್ತುತ್ತಾ ನಿಂತ. ರೇಡಿಯೋ ಸಿಸ್ಟರಿಗೆ ಮೊಟ್ಟೆಯ ಮಾತು ನೆನಪಾಯಿತೋ ಏನೋ, ಅವಳ ಮುಖ ಇಳಿಯಿತು. ಆ ಮೂರು ಮಹಡಿಗಳ ಇತಿಹಾಸದಲ್ಲೇ ಮೊದಲ ಸಲ ಅವಳು ಇಡೀ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ, "ಆರೂಮುಕ್ಕಾಲಿಗೆ ತಾನೇ? ನಾನು ಕರ್ಕೊಂಡು ಬರ್ತೀನಿ," ಎಂದು ಬೆಡ್‌ಪ್ಯಾನ್ ಎತ್ತಿಕೊಂಡು ಹೋದಳು.

ಸಂಜೆ ಮನೆಯ ಮೆಟ್ಟಿಲಲ್ಲೇ ಅಜ್ಜಿ ಅಡ್ಡ ನಿಂತಿದ್ದಳು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಹಾಳೆ. "ಏನಪ್ಪಾ, ಮಾತಾಡ್ಬೇಕು ಅಂದೆ, ಒಪ್ಪಿಕೊಂಡೆ. ಇದರಲ್ಲಿ ಹನ್ನೊಂದನೇ ಬೆಡ್ಡಿಗೆ ಎನಿಮಾ ಕೊಡ್ಬೇಕು ಅಂತಿದೆ. ಅದು ನನ್ನ ಕೈಲಾಗಲ್ಲ. ಬೇಕಾದ್ರೆ ದರ್ಜಿಗೆ ಹೇಳು."

ಗುರುವಾರ ಬಂತು. ಬ್ರದರ್ ಅರ್ಧ ದಿನ ರಜೆ ಹಾಕಿ ಮನೆ ಒರೆಸಿದ. ಮಂಚದ ಹೊದಿಕೆಯ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ ಬಿಗಿಯಾಗಿ ಮಡಚಿದ. ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅಜ್ಜಿಯ ಮನೆಯಿಂದ ನಾಲ್ಕು ಹೊತ್ತು ತಂದ. ಐದು ಗಂಟೆ ಬಡಿಯುವಾಗಲೇ ಮೇಡಂ ಬಂದು ಗೋಡೆ ಪಕ್ಕ ಕೂತರು. ಎದೆಗೆ ತಗುಲಿಸಿದ್ದ ಗಡಿಯಾರ ನೋಡಿಕೊಂಡು ಹಸಿರು ಪೆನ್ನು ತೆಗೆದರು. ತರಬೇತುದಾರರ ಸುಳಿವಿರಲಿಲ್ಲ.

ಐದೂಕಾಲಿಗೆ ಸರಿಯಾಗಿ ಅಜ್ಜಿ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದಳು. ಬಿ.ಪಿ. ನೋಡಿಸಿಕೊಂಡಳು. ಬಾಯಿಪಾಠ ಮಾಡಿದವಳಂತೆ, "ದಿನಾ ಬರ್ತೀನಿ. ದಿನಾ ಮಾತಾಡ್ತೀವಿ. ನೀರು ಬಂತಾ?" ಎಂದಳು.

"ಬಂತು," ಎಂದ ಬ್ರದರ್.

ಮಾತು ಅಲ್ಲಿಗೆ ಮುಗಿಯಿತು. ಐದೂವರೆ ಆಯಿತು, ದರ್ಜಿ ಇಲ್ಲ. ಐದು ಮೂವತ್ತೈದು, ಇಲ್ಲ. ಬ್ರದರ್ ಕಣ್ಣಲ್ಲೇ ಅಜ್ಜಿಗೆ ಹೋಗೆಂದು ಸನ್ನೆ ಮಾಡಿದ. ಅಜ್ಜಿ ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದಳು. "ರಿಲೀವರ್ ಬಂದಿಲ್ಲ. ಏಳಲ್ಲ," ಎಂದು ಘೋಷಿಸಿ ದರ್ಜಿಗೆಂದು ಹರಡಿಟ್ಟಿದ್ದ ಚದುರಂಗದ ಹಾಸನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳಿಗೆ ಆಟ ಬರುತ್ತಿರಲಿಲ್ಲ. ಅವನಿಗೂ ಅಷ್ಟೇನೂ ಬರುತ್ತಿರಲಿಲ್ಲ. ನಲವತ್ತು ನಿಮಿಷ ತಡವಾಗಿ ತರಬೇತುದಾರರು ಏದುಸಿರು ಬಿಡುತ್ತಾ ಬಂದು ಸ್ಟಾಪ್‌ವಾಚ್ ಒತ್ತುವ ಹೊತ್ತಿಗೆ ಅಜ್ಜಿ ಬ್ರದರನ ಕುದುರೆ, ಆನೆ, ರಾಜ ಮೂವರನ್ನೂ ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಆರಕ್ಕೆ ಫೋನು ಸದ್ದು ಮಾಡಬೇಕಿತ್ತು. ಬಾಗಿಲು ಸದ್ದು ಮಾಡಿತು. ಹನ್ನೊಂದು ವರ್ಷದಿಂದ ತಮ್ಮನ ಮನೆಯ ಹೊಸ್ತಿಲು ಕಾಣದ ಅಕ್ಕ ಖುದ್ದಾಗಿ ನಿಂತಿದ್ದಳು. ಹಿಂದೆ ದೊಡ್ಡ ಊಟದ ಡಬ್ಬಿ ಹಿಡಿದ ಭಾವ. ಅಕ್ಕ ತಮ್ಮನನ್ನು ದಾಟಿ ನೇರವಾಗಿ ಮೇಡಂ ಎದುರು ಹೋಗಿ ಕೂತಳು, ಮೇಲಿಂದ ಕೆಳಗೆ ನೋಡಿದಳು.

"ತಪ್ಪು ತಿಳ್ಕೋಬೇಡಿ, ನಿಮಗೆ ವಯಸ್ಸೆಷ್ಟು?"

"ಐವತ್ತೇಳು," ಎಂದರು ಮೇಡಂ.

"ಪರವಾಗಿಲ್ಲ. ನಮ್ಮವನೂ ಎಳೆ ಹುಡುಗನಲ್ಲ. ನಿಮಗೆ ಅವನು ಒಪ್ಪಿಗೇನಾ?"

"ಆರು ತಿಂಗಳಿಂದ ನೋಡ್ತಿದೀನಲ್ಲ. ಕೆಲಸ ಚೊಕ್ಕ. ಖಾಯಂ ಮಾಡ್ಕೊಳ್ಳೋ ಮುಂಚೆ ಮನೇನೂ ಒಂದ್ಸಲ ನೋಡೋಣ ಅಂತ ಬಂದೆ."

"ಆರು ತಿಂಗಳಿಂದಾನಾ!" ಅಕ್ಕ ಕೆನ್ನೆಗೆ ಕೈ ಇಟ್ಟುಕೊಂಡು ತಮ್ಮನ ಕಡೆ ತಿರುಗಿದಳು. "ಲೋ, ಗುಮ್ಮನ ಗುಸಕ! ಒಂದು ಮಾತು ಹೇಳಿದ್ಯಾ?"

ಬ್ರದರ್ ವಿವರಿಸಲು ಹೊರಟ. ಅಷ್ಟರಲ್ಲಿ ಆರೂಮುಕ್ಕಾಲು. ಮೆಟ್ಟಿಲ ಮೇಲೆ ಗಲಗಲ ಸದ್ದಾಯಿತು. ರೇಡಿಯೋ ಸಿಸ್ಟರ್ ಮೂವರು ನರ್ಸುಗಳನ್ನು ಬಣ್ಣದ ಬಟ್ಟೆಯಲ್ಲಿ ಮೆರವಣಿಗೆಯಂತೆ ಕರೆತಂದಳು. ಒಬ್ಬಳು ಬಂದವಳೇ, "ಚೆನ್ನಾಗಿದೀಯೇನಣ್ಣಾ? ನಾನು ನಿನ್ನ ಚಿಕ್ಕಪ್ಪನ ಮಗಳು," ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಯಾವ ಅಣ್ಣನಿಗೂ ಯಾವ ತಂಗಿಯೂ ತಾನು ಯಾರೆಂದು ಹೀಗೆ ಪರಿಚಯ ಮಾಡಿಕೊಟ್ಟ ದಾಖಲೆಯಿಲ್ಲ.

ಮೇಡಂ ದೂರದ ಕನ್ನಡಕ ಹಾಕಿಕೊಂಡರು. "ನೀನು ಸರ್ಜಿಕಲ್ ವಾರ್ಡಿನವಳಲ್ವಾ?"

"ಹೌದು ಮೇಡಂ. ಡ್ಯೂಟಿ ಮುಗಿದ ಮೇಲೆ ಚಿಕ್ಕಪ್ಪನ ಮಗಳು."

ಮೇಡಂ ಅದನ್ನೂ ಬರೆದುಕೊಂಡರು. ತರಬೇತುದಾರರಿಗಂತೂ ಸ್ವರ್ಗಕ್ಕೆ ಮೂರೇ ಗೇಣು. "ಅದ್ಭುತ! ಹತ್ತು ಜನ, ಒಂದೇ ಕೋಣೆ, ಒಂದು ನಿಮಿಷವೂ ವ್ಯರ್ಥ ಇಲ್ಲ. ಇದರ ಗುಟ್ಟೇನು ಬ್ರದರ್?" ಎಂದು ಸ್ಟಾಪ್‌ವಾಚ್ ಅಲ್ಲಾಡಿಸಿದರು. ಬ್ರದರ್ ಬೆವರು ಒರೆಸಿಕೊಂಡ. ಆದರೆ ಒಂದು ವಿಚಿತ್ರ ನಡೆದಿತ್ತು. ನರ್ಸುಗಳು ಮಂಚದ ಮೇಲೆ ಒತ್ತೊತ್ತಾಗಿ ಕೂತು ನಗುತ್ತಿದ್ದರು, ಭಾವ ಅಜ್ಜಿಯಿಂದ ರಾಜನನ್ನು ಬಿಡಿಸಿಕೊಳ್ಳಲು ಚೌಕಾಶಿ ಮಾಡುತ್ತಿದ್ದ. ಆ ಸದ್ದು ಅವನಿಗೆ ಹಿತವಾಗಿತ್ತು. ಇದು ಸುಳ್ಳು ಎಂಬುದನ್ನು ಅವನು ಐದಾರು ನಿಮಿಷ ನಿಜವಾಗಿಯೂ ಮರೆತಿದ್ದ.

ಏಳೂವರೆಗೆ ಅಕ್ಕ ಊಟ ಬಡಿಸಲು ಎದ್ದು ಅಡುಗೆಮನೆಗೆ ಹೋದಳು. ಗೂಡಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು, ಮತ್ತೆ ತೆರೆದ ಸದ್ದು.

"ಲೋ, ತಟ್ಟೆ ಎಲ್ಲಿಟ್ಟಿದೀಯ?"

"ಅಲ್ಲೇ ಇದೆಯಲ್ಲಕ್ಕ."

"ಇಲ್ಲಿ ಒಂದೇ ಇದೆ."

"ಅದೇ."

ಅಕ್ಕ ತಟ್ಟೆಯನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತಳು. ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಹತ್ತು ಜನರ ಸಮಯವನ್ನು ನಿಮಿಷ ನಿಮಿಷಕ್ಕೆ ಹೊಂದಿಸಿದ ಭೂಪ ತಟ್ಟೆಯ ವಿಷಯವನ್ನೇ ಮರೆತಿದ್ದ. ಮೇಡಂ ಹಾಳೆ ನೋಡಿದರು. ಅದರಲ್ಲಿ 'ಎಲ್ಲರೊಡನೆ ಊಟ' ಎಂದು ಅವನ ಕೈಬರಹದಲ್ಲೇ ಇತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಬ್ರದರ್ ಎದ್ದು ನಿಂತ. ರೌಂಡ್ಸಿನಲ್ಲಿ ರೋಗಿಯ ಸ್ಥಿತಿ ಒಪ್ಪಿಸುವ ದನಿಯಲ್ಲೇ ಹೇಳಿದ. "ಮೇಡಂ, ನಾನು ಬರೆದದ್ದು ಸುಳ್ಳು. ದರ್ಜಿ ನನ್ನ ಗೆಳೆಯ ಅಲ್ಲ. ಈ ಅಜ್ಜಿ ಈ ಮನೆ ಒಳಗೆ ಬಂದದ್ದು ಇವತ್ತೇ ಮೊದಲು. ಐದರಿಂದ ಹತ್ತರ ತನಕ ನಾನು ಆ ಕುರ್ಚೀಲಿ ಕೂತಿರ್ತೀನಿ. ಅಷ್ಟೇ. ಬೇರೇನೂ ಇಲ್ಲ."

ತರಬೇತುದಾರರು ಪುಸ್ತಕದಲ್ಲಿ ಏನೋ ಗೀಚುತ್ತಾ, "ಆದ್ರೂ ತಟ್ಟೆ ಒಂದೇ ಇದ್ರೆ ತೊಳೆಯೋ ಸಮಯ ಉಳಿಯುತ್ತೆ, ಅದು ಒಳ್ಳೇ ಅಂಶ," ಎಂದರು. ರೇಡಿಯೋ ಸಿಸ್ಟರ್ ಅವರನ್ನು ನೋಡಿದ ನೋಟಕ್ಕೆ ಅವರ ಸ್ಟಾಪ್‌ವಾಚ್ ನಿಂತಿರಬೇಕು.

"ನಾಳೆ ಹತ್ತು ಗಂಟೆಗೆ ನನ್ನ ಆಫೀಸಿಗೆ ಬನ್ನಿ," ಎಂದು ಮೇಡಂ ಎದ್ದರು. ಅಜ್ಜಿ ಮೆಲ್ಲಗೆ, "ಕೆಳಗೆ ನನ್ನ ಹತ್ರ ಆರು ತಟ್ಟೆ ಇದೆ. ಇಪ್ಪತ್ತು ವರ್ಷದಿಂದ ಅಟ್ಟದಿಂದ ಇಳಿಸಿಲ್ಲ," ಎಂದಳು. ಅಷ್ಟು ಹೊತ್ತಿಗೆ ಎಲ್ಲರೂ ಎದ್ದಾಗಿತ್ತು. ನರ್ಸುಗಳಿಗೆ ಬೆಳಗಿನ ಪಾಳಿ, ಅಕ್ಕ ಭಾವಂದಿರಿಗೆ ಕೊನೆಯ ಬಸ್ಸು. ಅಕ್ಕ ಹೋಗುವಾಗ ತಮ್ಮನ ಭುಜ ತಟ್ಟಿದಳು. ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು. ಅಜ್ಜಿಯೂ ಮಾತ್ರೆಯ ಹೊತ್ತಾಯಿತೆಂದು ಇಳಿದಳು. ಎಂಟೂಕಾಲಿಗೆ ಪಟ್ಟಿಯಲ್ಲಿ ಬರೆದಂತೆಯೇ ಮನೆ ಖಾಲಿಯಾಗಿತ್ತು. ಆ ಒಂದು ಸಾಲು ಮಾತ್ರ ನಿಜವಾಯಿತು. ಹತ್ತು ಜನಕ್ಕೆ ತಂದ ಅಡುಗೆಯಲ್ಲಿ ಅವನು ಎರಡು ತುತ್ತು ತಿಂದ. ಸೇರಲಿಲ್ಲ.

ಶುಕ್ರವಾರ ಹತ್ತಕ್ಕೆ ಮೇಡಂ ಆ ದೊಡ್ಡ ಹಾಳೆಯನ್ನು ಅವನ ಮುಂದೆ ಹರಡಿದರು. "ಚಾರ್ಟಿನಲ್ಲಿ ತಪ್ಪಾದ್ರೆ ಏನು ಮಾಡ್ಬೇಕು?"

"ಅಳಿಸಬಾರದು, ಮೇಡಂ. ಓದೋಕೆ ಬರೋ ಹಾಗೆ ಒಂದೇ ಗೆರೆ ಹೊಡೆದು, ಪಕ್ಕ ಸರಿಯಾದದ್ದು ಬರೆದು ಸಹಿ ಹಾಕ್ಬೇಕು."

"ಹಾಕಿ."

ಹತ್ತೊಂಬತ್ತು ಚೌಕ, ಹತ್ತೊಂಬತ್ತು ಗೆರೆ. ಹತ್ತೊಂಬತ್ತು ಸಲ 'ಕೂತಿದ್ದೆ' ಎಂದು ಬರೆದು ಹತ್ತೊಂಬತ್ತು ಸಹಿ ಹಾಕಿದ. ಮೇಡಂ ಎರಡು ಕಾಗದ ಮುಂದಿಟ್ಟರು. "ಇದು ಸುಳ್ಳು ಬರೆದದ್ದಕ್ಕೆ ಮೆಮೊ. ಇದು ಎಲ್ಲರ ಮುಂದೆ ಸುಳ್ಳು ಅಂತ ಒಪ್ಪಿಕೊಂಡದ್ದಕ್ಕೆ ಖಾಯಂ ಆದೇಶ. ಎರಡಕ್ಕೂ ಸಹಿ ಮಾಡಿ." ಆಮೇಲೆ, "ಮಂಗಳವಾರ ಬೋರ್ಡಿಗೆ ಹಾಕಿದ್ದ ಪಟ್ಟಿ ಎಲ್ಲಿ? ಅದರಲ್ಲಿ ನಾನೊಂದು ಪ್ರಶ್ನೆ ಬರೆದಿದ್ದೆ. ಉತ್ತರ ಬಂದಿಲ್ಲ," ಎಂದರು.

ಬ್ರದರ್ ಜೇಬು ತಡಕಾಡಿದ. ಹತ್ತಿ, ಪ್ಲಾಸ್ಟರು, ಕತ್ತರಿಯ ನಡುವಿನಿಂದ ಮುದ್ದೆಯಾದ ಹಾಳೆ ಹೊರಬಂತು. ಬಿಡಿಸಿ ನೋಡಿದ. ಬೋರ್ಡಿಗೆ ಬಿದ್ದ ಕಾಗದಕ್ಕೆಲ್ಲ ರೌಂಡ್ಸಿನಲ್ಲಿ ಸಹಿ ಹಾಕುವುದು ಮೇಡಂ ಪದ್ಧತಿ. ಅಲ್ಲಿ ಹಸಿರು ಸಹಿ ಇತ್ತು. ಕೊನೆಯ ಸಾಲಿನಲ್ಲಿ, ಬಂಧುಗಳ ರಿಲೀವರ್ ಯಾರೆಂದು ಅವನು ಬರೆಯದೆ ಬಿಟ್ಟ ಜಾಗದಲ್ಲಿ, ಸಣ್ಣ ಹಸಿರು ಅಕ್ಷರದಲ್ಲಿ ಒಂದು ಪ್ರಶ್ನೆಯೂ ಇತ್ತು: ಎಂಟೂಕಾಲಿನ ನಂತರ ಯಾರು?

"ಹಾಗಾದ್ರೆ ನಿಮಗೆ ಮಂಗಳವಾರವೇ ಗೊತ್ತಿತ್ತು. ಮತ್ತೆ ಯಾಕೆ ಬಂದ್ರಿ ಮೇಡಂ?"

ಮೇಡಂ ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಜಿನ ಗಾಜಿನ ಕೆಳಗೆ ಅವರದೇ ತೊಂಬತ್ತಾರು ಚೌಕದ ಹಾಳೆ ಇತ್ತು. ಸಂಜೆ ಐದರಿಂದ ಒಂಬತ್ತರವರೆಗೂ ಒಂದೇ ಶಬ್ದ: ಆಫೀಸು, ಆಫೀಸು, ಆಫೀಸು. "ಯಾರ ಮನೆಗಾದ್ರೂ ಹೋಗಿ ತುಂಬ ವರ್ಷ ಆಗಿತ್ತು," ಎಂದರು. "ಹೋಗಿ, ವಾರ್ಡಿಗೆ ತಡವಾಗುತ್ತೆ. ಹಾಂ, ನಿಮ್ಮ ಅಕ್ಕನಿಗೆ ಏನಾದ್ರೂ ಹೇಳಿಬಿಡಿ. ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿ ನನ್ನ ಬಟ್ಟೆ ಅಳತೆ ಕೇಳಿದ್ರು."

ಖಾಯಂ ಇನ್‌ಚಾರ್ಜ್ ಆಗಿ ಬ್ರದರ್ ಅಂದು ಐದಕ್ಕೆ ಬೀಗ ತೆಗೆದ. ಹೇಳಬೇಕಾದ ದೊಡ್ಡ ಸುದ್ದಿ ಇತ್ತು, ಹೇಳಲು ಗೋಡೆಗಳಿದ್ದವು. ಕೈಕಾಲು ತೊಳೆದು ಕುರ್ಚಿಯಲ್ಲಿ ಕೂತ. ಹಸಿರು ಪ್ರಶ್ನೆಯ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡ. ನಿನ್ನೆಯ ನಗು ಮನೆಯಲ್ಲಿ ಇದ್ದದ್ದರಿಂದಲೋ ಏನೋ, ಇವತ್ತಿನ ಮೌನ ಎಂದಿಗಿಂತ ಜಾಸ್ತಿ ಕೇಳಿಸುತ್ತಿತ್ತು.

ಐದೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜಿ ಏದುಸಿರು ಬಿಡುತ್ತಾ ನಿಂತಿದ್ದಳು. ಕಂಕುಳಲ್ಲಿ ಅಟ್ಟದಿಂದ ಇಳಿಸಿದ ಎರಡು ತಟ್ಟೆ.

"ಕುರ್ಚಿ ವಾಪಸ್ ಬೇಕಿತ್ತಾ ಅಜ್ಜಿ? ನಾನೇ ತರ್ತಿದ್ದೆ."

"ಕುರ್ಚಿ ಯಾರಿಗೆ ಬೇಕು? ನಿನ್ನೆ ದರ್ಜಿ ಬಂದನಾ?"

"ಇಲ್ಲ."

"ಅಂದ ಮೇಲೆ ನನ್ನನ್ನ ರಿಲೀವ್ ಮಾಡಿದವರು ಯಾರು? ನಿನ್ನೆ ಮಾತ್ರೆಗೆ ಅಂತ ಎದ್ದೆ, ಅದು ಬ್ರೇಕು. ಡ್ಯೂಟಿ ಮುಗಿದಿಲ್ಲ ನಂದು." ಅಜ್ಜಿ ಅವನನ್ನು ಸರಿಸಿ ಒಳಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು, ತೋಳು ಮುಂದೆ ಚಾಚಿದಳು. "ಹೂಂ, ಬಿ.ಪಿ. ನೋಡು. ಏನಾಯ್ತು ಆಫೀಸಲ್ಲಿ? ಮೊದಲಿಂದ ಹೇಳು, ಏನೂ ಬಿಡ್ಬೇಡ."

ಅವನು ತೋಳಿಗೆ ಪಟ್ಟಿ ಸುತ್ತಿದ, ಗಾಳಿ ತುಂಬಿದ, ಹೇಳಲು ಶುರು ಮಾಡಿದ. ಹತ್ತೊಂಬತ್ತು ಗೆರೆಯ ಕಥೆಗೆ ಬರುವಷ್ಟರಲ್ಲಿ ಅಜ್ಜಿ ಕಿಟಕಿಯಾಚೆ ನೋಡಿ ತಟಕ್ಕನೆ ನೆಟ್ಟಗಾದಳು. ಕೆಳಗೆ ಬೀದಿಯಲ್ಲಿ, ತೋಳಿನ ಮೇಲೆ ಒಂದು ಪ್ಯಾಂಟನ್ನು ಜೋತಾಡಿಸಿಕೊಂಡು, ಗುರುವಾರದ ಮಾತನ್ನು ಉಳಿಸಿಕೊಳ್ಳಲು ಶುಕ್ರವಾರ ಐದೂವರೆಗೆ ಸರಿಯಾಗಿ ದರ್ಜಿ ಮೆಟ್ಟಿಲ ಕಡೆಗೆ ಬರುತ್ತಿದ್ದ.

"ಬಂದ ನೋಡು ಪುಣ್ಯಾತ್ಮ," ಎಂದಳು ಅಜ್ಜಿ. ತೋಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಏನಪ್ಪಾ, ಚಿಲಕ ಹಾಕಿಬಿಡು. ಎಂಟು ತಿಂಗಳು ಕಾಯಿಸಿದಾನೆ, ಇವತ್ತೊಂದು ದಿನ ಅವನೂ ಹೊರಗೆ ಕಾಯಲಿ."

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಬಂದ ರಿಲೀವರನ್ನು ಒಂದು ನಿಮಿಷವೂ ಬಾಗಿಲಲ್ಲಿ ನಿಲ್ಲಿಸದ ಬ್ರದರ್ ಎದ್ದು ಹೋಗಿ, ಸದ್ದಾಗದಂತೆ ಮೆಲ್ಲಗೆ ಚಿಲಕ ಹಾಕಿದ.